ಎಡಗೈಗೆ ಒಗ್ಗುವ ಚಾಕು

ಆಸ್ಪತ್ರೆಯಿಂದ ಬಂದ ಮರುದಿನ ಕತ್ತರಿ ಅಕ್ಕ ಅಡುಗೆಮನೆಗೆ ಹೋಗಿ ನೋಡಿದರೆ, ಒಲೆಯ ಪಕ್ಕದ ಡಬ್ಬಿಯಲ್ಲಿ ಸೌಟು, ಚಮಚ, ಇಕ್ಕಳ ಎಲ್ಲ ಇದ್ದವು, ಚಾಕು ಮಾತ್ರ ಒಂದೂ ಇರಲಿಲ್ಲ. ಹೊಲಿಗೆ ಡಬ್ಬಿ ತೆರೆದಳು. ಅಲ್ಲೂ ಕತ್ತರಿ ಇರಲಿಲ್ಲ. ಬಚ್ಚಲಿನಲ್ಲಿ ಗಂಡನ ರೇಜರ್ ಕೂಡ ಇರಲಿಲ್ಲ. ಪಾತ್ರೆ ಕಪಾಟಿನ ಮೇಲಿನ ಖಾನೆಗೆ ಒಂದು ಹೊಸ ಬೀಗ ಬಿದ್ದಿತ್ತು.

"ಇದೇನ್ರೀ, ಮನೆಗೆ ಕಳ್ಳರು ಬಂದಿದ್ರಾ?" ಎಂದು ಕೇಳಿದಳು.

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ದಿನ ಹಾಗೇ ಇರ್ಲಿ. ನಿನಗೆ ಏನು ಹೆಚ್ಚಬೇಕಿದ್ರೂ ನಾನು ಕೆಲಸಕ್ಕೆ ಹೋಗೋ ಮುಂಚೆ ಹೆಚ್ಚಿಟ್ಟು ಹೋಗ್ತೀನಿ."

ಅವನು ಲಿಫ್ಟ್ ರಿಪೇರಿ ಮಾಡುವವನು. ಹಗ್ಗ ಹರಿಯುವ ಮುಂಚೆಯೇ ಹರಿದದ್ದನ್ನು ಕಾಣುವ ಕಣ್ಣು ಅವನದು. ಆ ಕಣ್ಣಿನಿಂದಲೇ ಊರಿನ ಎಷ್ಟೋ ಜನ ಸುರಕ್ಷಿತವಾಗಿ ಮೇಲೆ ಕೆಳಗೆ ಓಡಾಡುತ್ತಿದ್ದರು. ಈಗ ಅದೇ ಕಣ್ಣು ಹೆಂಡತಿಯ ಮೇಲೆ ಬಿದ್ದಿತ್ತು.

ಅವಳಿಗೆ ಕತ್ತರಿ ಅಕ್ಕ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಬಸ್ ನಿಲ್ದಾಣದ ಎದುರು ಹೆಂಗಸರ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಅವಳದು. ಅವಳ ಬಾಯಿ ಒಂದು ಕಡೆ, ಕತ್ತರಿ ಇನ್ನೊಂದು ಕಡೆ ಓಡುತ್ತಿದ್ದವು. ಕುರ್ಚಿಯಲ್ಲಿ ಕೂತವರಿಗೆ ಯಾವುದು ಹೆಚ್ಚು ಹರಿತ ಎಂದು ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಯೊಬ್ಬಳ ಕುತ್ತಿಗೆಯ ಮೇಲಿನ ಕೂದಲು ಸಮ ಮಾಡುತ್ತಿದ್ದಾಗ ಕತ್ತರಿ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು. ಕೈ ಕತ್ತರಿಯ ಮೇಲೆಯೇ ಇತ್ತು, ಬೆರಳು ಮಡಚಲಿಲ್ಲ. "ಇದೇನಮ್ಮ ಹೀಗೆ" ಎಂದು ಹೇಳಲು ಹೋದರೆ ನಾಲಿಗೆಯೂ ಹೊರಳಲಿಲ್ಲ. ಪಾರ್ಶ್ವವಾಯು ಎಂದರು ಆಸ್ಪತ್ರೆಯಲ್ಲಿ. ನಾಲಿಗೆ ಬೇಗ ಮರಳಿತು. ಕಾಲು ನಿಧಾನಕ್ಕೆ ಮರಳಿತು. ಬಲಗೈ ಮಾತ್ರ ದಪ್ಪ ಕೈಗವಸು ತೊಟ್ಟಂತೆ ಉಳಿಯಿತು. ಮುಟ್ಟಿದ್ದು ಗೊತ್ತಾಗುತ್ತಿತ್ತು, ಏನನ್ನು ಎಂದು ಗೊತ್ತಾಗುತ್ತಿರಲಿಲ್ಲ. ಬಿಸಿ ತಡವಾಗಿ ತಿಳಿಯುತ್ತಿತ್ತು.

ಕೈಗಿಂತ ಹೆಚ್ಚು ಕಾಡಿದ್ದು ಇನ್ನೊಂದು. ಯಾರೇ ಬಂದರೂ ಅವಳ ಎದುರಿಗೇ ಗಂಡನನ್ನು ಕೇಳುತ್ತಿದ್ದರು: "ಇವರಿಗೆ ಊಟ ಆಯ್ತಾ? ಇವರು ನಿದ್ದೆ ಮಾಡ್ತಾರಾ?" ಆಕೆ ನಗುತ್ತಾ ಕೂತಿರಬೇಕಿತ್ತು. ನೀರು ಕುಡಿಯಲು ಎದ್ದರೆ ಲೋಟ ಅವಳಿಗಿಂತ ಮೊದಲೇ ಬಾಯಿಗೆ ಬರುತ್ತಿತ್ತು. ಸೇಬು ಹೋಳಾಗಿ ಬರುತ್ತಿತ್ತು, ಬ್ರೆಡ್ಡು ತುಂಡಾಗಿ ಬರುತ್ತಿತ್ತು. ಹಲ್ಲಿದ್ದೂ ಬೊಚ್ಚು ಬಾಯಿಯವಳ ಬಾಳು ಎಂದುಕೊಂಡಳು.

ಅಂಗಡಿಗೆ ವಾರದ ರಜೆ ಇದ್ದ ದಿನಗಳಲ್ಲಿ ಅವಳು ಒಂದು ಗುಂಪಿನ ಜೊತೆ ಗುಡ್ಡ ಹತ್ತಲು ಹೋಗುತ್ತಿದ್ದಳು. ಆ ಗುಂಪಿನಿಂದ ಒಂದು ದಿನ ಫೋನಿಗೆ ಸಂದೇಶ ಬಂತು. ಚಳಿಗಾಲದ ಕೊನೆಯಲ್ಲಿ ಎರಡು ರಾತ್ರಿ ಕಾಡಿನ ಶಿಬಿರ. ಪ್ರತಿಯೊಬ್ಬರೂ ತಮ್ಮ ಸೌದೆ ತಾವೇ ಸೀಳಬೇಕು, ತಮ್ಮ ಬೆಂಕಿ ತಾವೇ ಹಚ್ಚಬೇಕು, ತಮ್ಮ ನೀರು ತಾವೇ ಕುದಿಸಬೇಕು. ಬೆಂಕಿಪೊಟ್ಟಣ ತರುವಂತಿಲ್ಲ, ಉಕ್ಕಿನಿಂದ ಗೀರಿದರೆ ಕಿಡಿ ಉದುರುವ ಕಂಬಿ ತರಬಹುದು. ಮಡಚುವ ಚಾಕು ಕಡ್ಡಾಯ, ತೆರೆದಾಗ ಅಲಗು ಲಾಕ್ ಆಗಬೇಕು. ಈ ನಿಯಮದಲ್ಲಿ ಯಾರಿಗೂ ಸಡಿಲಿಕೆ ಇಲ್ಲ.

ಕೊನೆಯ ಸಾಲನ್ನು ಅಕ್ಕ ಮತ್ತೆ ಮತ್ತೆ ಓದಿದಳು. ಎಷ್ಟೋ ದಿನಗಳಿಂದ ಅವಳ ಜೊತೆ ಇಷ್ಟು ಮರ್ಯಾದೆಯಿಂದ ಯಾರೂ ಮಾತಾಡಿರಲಿಲ್ಲ.

"ನಾನು ಹೋಗ್ತೀನಿ" ಎಂದಳು ಊಟದ ಹೊತ್ತಿಗೆ.

"ಎಲ್ಲಿಗೆ?"

"ಶಿಬಿರಕ್ಕೆ. ನಾಳೆ ಚಾಕು ತಗೋಬೇಕು."

ಗಂಡ ಕೈಯಲ್ಲಿದ್ದ ಚಮಚ ಕೆಳಗಿಟ್ಟ. "ಒಂದು ಸೇಬು ಹೆಚ್ಚೋಕಾಗದವಳಿಗೆ ಕಾಡಲ್ಲಿ ಚಾಕು ಯಾಕೆ?"

"ಸೇಬು ಹೆಚ್ಚೋಕೆ ಆಗಲ್ಲ ಅಂತ ಯಾರು ನೋಡಿದ್ರು? ನೀವು ಹೆಚ್ಚೋಕೆ ಬಿಟ್ಟಿದ್ರೆ ತಾನೆ."

"ಲಿಫ್ಟ್ ಬಿದ್ದಮೇಲೆ ಹಗ್ಗ ನೋಡೋದಲ್ಲ. ಬೀಳೋ ಮುಂಚೆ ನೋಡ್ಬೇಕು."

"ನಾನು ಲಿಫ್ಟ್ ಅಲ್ಲ. ಬಿದ್ದಾಗಿದೆ, ಎದ್ದೂ ಆಗಿದೆ. ಈಗ ಮೆಟ್ಟಿಲು ಹತ್ತಿಕೊಂಡು ಹೋಗ್ತೀನಿ, ಬಿಡಿ."

ಮರುದಿನ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ಗಂಡನೂ ಹಿಂದೆ ಬಂದ. ಅವಳು ಬೇಡ ಎನ್ನಲಿಲ್ಲ. ಬನ್ನಿ ಎಂದೂ ಕರೆಯಲಿಲ್ಲ.

ಗುಡ್ಡ ಹತ್ತುವವರ ಸಾಮಾನು ಮಾರುವ ಅಂಗಡಿ ಹಿಂದಿನ ಬೀದಿಯಲ್ಲಿತ್ತು. ಛಾವಣಿಯಿಂದ ಡೇರೆಗಳು ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಒಳಗೆಲ್ಲ ರಬ್ಬರು ಮತ್ತು ಹೊಸ ಹಗ್ಗದ ವಾಸನೆ. ಕನ್ನಡಕವನ್ನು ನೆತ್ತಿಗೇರಿಸಿಕೊಂಡಿದ್ದ ಅಂಗಡಿಯವನು ಮುಂದೆ ಬಂದ.

"ಮಡಚೋ ಚಾಕು ಬೇಕು. ಕಾಡಲ್ಲಿ ಸೌದೆ ಸೀಳೋಕೆ, ಹೆರೆಯೋಕೆ."

"ಯಾರಿಗೆ ಮೇಡಂ, ಮಗನಿಗಾ? ಗಿಫ್ಟ್ ಪ್ಯಾಕ್ ಮಾಡಿ ಕೊಡ್ಲಾ?"

"ನನಗೆ."

ಅಂಗಡಿಯವನ ಕಣ್ಣು ಅವಳ ಬಲಗೈಗೆ ಹೋಯಿತು. ಅದು ಸೆರಗಿನ ಮರೆಯಲ್ಲಿ ಮಡಚಿಕೊಂಡಿತ್ತು. ಅಲ್ಲಿಂದ ಕಣ್ಣು ಗಂಡನ ಕಡೆ ಹೊರಳಿತು. "ಸಾರ್, ಇವರು ಮುಂಚೆ ಚಾಕು ಬಳಸಿ ರೂಢಿ ಇದೆಯಾ?"

"ಸಾರ್‌ನ ಯಾಕೆ ಕೇಳ್ತೀರಿ?" ಎಂದಳು ಅಕ್ಕ. "ರೋಗ ಬಡಿದದ್ದು ಕೈಗೆ. ಕಿವಿಗಲ್ಲ, ಬಾಯಿಗೂ ಅಲ್ಲ."

ಗಂಡ ಗೋಡೆಗೆ ಒರಗಿದ್ದ ಸ್ಟೂಲನ್ನು ಎಳೆದುಕೊಂಡು ಕೂತ. ಅಂಗಡಿಯವನು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು, ಒಂದೊಂದೇ ಚಾಕು ತೆಗೆದು ಗಾಜಿನ ಮೇಲೆ ಇಡತೊಡಗಿದ.

ಮೊದಲನೆಯದು ಮಸಿಗಪ್ಪು. ಅಲಗಿನ ಅರ್ಧ ಭಾಗಕ್ಕೆ ಹಲ್ಲು, ತುದಿ ಮೇಲಕ್ಕೆ ಬಾಗಿತ್ತು, ಹಿಡಿಯ ಮೇಲೆ ತಲೆಬುರುಡೆಯ ಚಿತ್ರ. "ಎಲ್ಲರೂ ಇದನ್ನೇ ಒಯ್ಯೋದು."

"ಇದೇನು, ಗರಗಸಕ್ಕೆ ಹುಟ್ಟಿದ್ದೋ ಚಾಕುವಿಗೆ ಹುಟ್ಟಿದ್ದೋ? ಹಲ್ಲಿದ್ರೆ ಮರ ಹೆರೆಯೋಕೆ ಬರಲ್ಲ, ಕಚ್ಕೊಂಡು ನಿಲ್ಲುತ್ತೆ. ಮೊಂಡಾದ್ರೆ ಮನೇಲಿ ಸಾಣೆ ಹಿಡಿಯೋಕೂ ಬರಲ್ಲ. ಪಕ್ಕಕ್ಕಿಡಿ."

ಎರಡನೆಯದರಲ್ಲಿ ಚಾಕು, ಕತ್ತರಿ, ತಿರುಪುಳಿ, ಬಾಟಲಿ ತೆಗೆಯುವ ಕೊಕ್ಕೆ, ಹಲ್ಲುಕಡ್ಡಿ ಎಲ್ಲವೂ ಇದ್ದವು. ಒಂದೊಂದನ್ನೂ ಉಗುರಿನಿಂದ ಕಿತ್ತು ಎಬ್ಬಿಸಬೇಕು. ಹಿಡಿಯಲು ಒಂದು ಕೈ, ಎಬ್ಬಿಸಲು ಇನ್ನೊಂದು. "ಒಂದು ಕೈಯವಳಿಗೆ ಇದು ಸಂಸಾರ ಜಾಸ್ತಿ ಆಯ್ತು" ಎಂದು ಅದನ್ನೂ ಸರಿಸಿದಳು.

ಮೂರನೆಯದನ್ನು ನೋಡಿ ಅವಳ ಮುಖ ಅರಳಿತು. ನುಣುಪಾದ ಮರದ ಹಿಡಿ, ತೆಳು ಅಲಗು. ಕುತ್ತಿಗೆಯಲ್ಲಿದ್ದ ಉಕ್ಕಿನ ಉಂಗುರ ತಿರುಗಿಸಿದರೆ ಲಾಕ್ ಬೀಳುತ್ತಿತ್ತು. ಅಂಗೈಯಲ್ಲಿ ಹಕ್ಕಿಮರಿಯಂತೆ ಕೂರುವ ಚಾಕು. ಆದರೆ ಅಲಗು ಎಬ್ಬಿಸಲು ಮತ್ತೆ ಎರಡು ಕೈ ಬೇಕು, ಉಂಗುರ ತಿರುಗಿಸಲೂ ಬೇಕು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಒಲ್ಲದ ಮನಸ್ಸಿನಿಂದ ವಾಪಸು ಕೊಟ್ಟಳು.

ನಾಲ್ಕನೆಯದಕ್ಕೆ ಅಲಗಿನ ಬುಡದಲ್ಲಿ ಒಂದು ಗುಂಡಿ ಇತ್ತು. ಹೆಬ್ಬೆರಳಿನಿಂದ ಅದನ್ನು ತಳ್ಳಿದರೆ ತೆರೆದುಕೊಳ್ಳುತ್ತದೆ ಎಂದು ಅಂಗಡಿಯವನು ಬಲಗೈಯಲ್ಲಿ ಚಟ್ಟೆಂದು ತೆರೆದು ತೋರಿಸಿದ. ಅಕ್ಕ ಎಡಗೈಗೆ ತೆಗೆದುಕೊಂಡಳು. ಗುಂಡಿ ಆಚೆ ಬದಿಗಿತ್ತು. ಹೇಗೋ ತೋರುಬೆರಳಿನಿಂದ ತೆರೆದಳು. ಮುಚ್ಚಲು ಹಿಡಿಯೊಳಗಿನ ತಗಡೊಂದನ್ನು ಪಕ್ಕಕ್ಕೆ ಒತ್ತಬೇಕಿತ್ತು. ಅದೂ ಬಲಗೈಯ ಹೆಬ್ಬೆರಳಿಗೆಂದೇ ಮಾಡಿದ್ದು. ಎಡಗೈಯಿಂದ ಒತ್ತಲು ಹೋದರೆ ಬೆರಳು ಅಲಗು ಬೀಳುವ ದಾರಿಯಲ್ಲೇ ಇರುತ್ತಿತ್ತು. ಬೆರಳನ್ನು ಆಚೆ ಸರಿಸಿದಳು. ಚಾಕು ಜಾರಿತು. ಗಾಜಿನ ಮೇಲೆ ಠಣ್ ಎಂದು ಬಿದ್ದು, ಅಲ್ಲಿಂದ ನೆಲಕ್ಕೆ ಬಿತ್ತು.

ಹಗ್ಗ ಆರಿಸುತ್ತಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಗಂಡ ಸ್ಟೂಲಿನಿಂದ ಅರ್ಧ ಎದ್ದಿದ್ದ. ಅಂಗಡಿಯವನು ಉಳಿದ ಚಾಕುಗಳನ್ನು ಅಂಗೈ ಅಡ್ಡ ಇಟ್ಟು ತನ್ನ ಕಡೆ ಎಳೆದುಕೊಂಡ. "ಮೇಡಂ, ಒಂದ್ಸಲ ಮನೆಗೆ ಹೋಗಿ ಯೋಚ್ನೆ ಮಾಡಿ. ಅವಸರ ಏನಿಲ್ಲ."

ಅಕ್ಕನ ಕಿವಿ ಬಿಸಿಯಾಯಿತು. ಹೊರಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಹೊರಟರೆ ಮತ್ತೆ ಸೇಬಿನ ಹೋಳು, ಬ್ರೆಡ್ಡಿನ ತುಂಡು.

"ಬಿದ್ದದ್ದು ಚಾಕು, ನಾನಲ್ಲ" ಎಂದಳು. "ಅದನ್ನ ಎತ್ತಿ ಒಳಗಿಡಿ, ಅದು ನನಗಲ್ಲ. ನನಗೇನು ಬೇಕು ಅಂತ ಈಗ ಗೊತ್ತಾಯ್ತು, ಕೇಳಿ. ಎಡಗೈ ಒಂದರಲ್ಲೇ ತೆರೀಬೇಕು, ಒಂದರಲ್ಲೇ ಮುಚ್ಚಬೇಕು. ಮುಚ್ಚೋವಾಗ ಬೆರಳು ಅಲಗಿನ ಕೆಳಗೆ ಬರಬಾರ್ದು. ಅಲಗು ನನ್ನ ಬೆರಳುದ್ದ ಸಾಕು, ಹಲ್ಲು ಬೇಡ. ಬೆನ್ನು ದಪ್ಪ ಇರ್ಬೇಕು, ಅದರ ಅಂಚು ಮೊನಚಾಗಿರ್ಬೇಕು, ಕಿಡಿ ಹಾರಿಸೋಕೆ. ಹಿಡಿ ದಪ್ಪಗಿರ್ಲಿ, ಜಾರಬಾರ್ದು. ಕಪ್ಪು ಬೇಡ, ಎಲೆಗಳ ಮಧ್ಯೆ ಬಿದ್ರೆ ಹುಡುಕೋರು ಯಾರು."

ಅಂಗಡಿಯವನು ನಿಟ್ಟುಸಿರು ಬಿಟ್ಟು ಏಣಿ ಹತ್ತಿದ. ಮೇಲಿನ ಕಪಾಟಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಒಳಗಿದ್ದ ಚಾಕುವಿನ ಹಿಡಿ ರಸ್ತೆ ಕೆಲಸದವರ ಅಂಗಿಯಂಥ ಕಿತ್ತಳೆ ಬಣ್ಣದ್ದು. "ಸ್ಟೈಲಿಲ್ಲ ಅಂತ ಯಾರೂ ತಗೊಳಲ್ಲ. ಇದರ ಲಾಕ್ ಅಡ್ಡಕಂಬಿ. ತೆರೆಯೋ ಗುಂಡಿ, ಲಾಕಿನ ಗುಬಟು ಎರಡೂ ಬದಿಗೆ ಇವೆ ನೋಡಿ. ಗುಬಟು ಹಿಂದಕ್ಕೆ ಎಳೆದ್ರೆ ಅಲಗು ಸಡಿಲ ಆಗಿ ತಾನೇ ಬೀಳುತ್ತೆ."

ಅಕ್ಕ ಎಡಗೈಯಲ್ಲಿ ಹಿಡಿದಳು. ಗುಂಡಿ ಹೆಬ್ಬೆರಳಿಗೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಹಲವು ಸಲ ತಪ್ಪಿತು. ಅಂಗಡಿಯವನು ಗಡಿಯಾರ ನೋಡಿಕೊಂಡ. ಅವಳು ಅವನನ್ನು ನೋಡಲೇ ಇಲ್ಲ. ಕೊನೆಗೆ ಅಲಗು ಹೊರಬಂದು ಕಟಕ್ ಎಂದು ನಿಂತಿತು. ಅಲಗಿನ ಬೆನ್ನನ್ನು ಗಾಜಿಗೆ ಒತ್ತಿ ನೋಡಿದಳು, ಲಾಕ್ ಬಿಡಲಿಲ್ಲ. ಅಲಗನ್ನು ಆಚೀಚೆ ಅಲ್ಲಾಡಿಸಿದಳು, ಅಲುಗಲಿಲ್ಲ. ಗುಬಟು ಹಿಂದಕ್ಕೆಳೆದಳು. ಅಲಗು ಮಡಚಿಕೊಂಡಿತು, ಬೆರಳೆಲ್ಲ ಬೆರಳಿನ ಜಾಗದಲ್ಲೇ ಇದ್ದವು. ಮತ್ತೆ ತೆರೆದು ಕೌಂಟರಿನ ಮೇಲಿಟ್ಟು, ತನ್ನ ತಲೆಯಿಂದ ಒಂದು ಕೂದಲು ಕಿತ್ತು ಅಲಗಿಗೆ ತಾಗಿಸಿದಳು. ಕೂದಲು ಬಾಗಿತೇ ಹೊರತು ತುಂಡಾಗಲಿಲ್ಲ.

"ಹರಿತ ಸಾಲದು."

"ಫ್ಯಾಕ್ಟರಿಯಿಂದ ಬರೋದೇ ಹಾಗೆ ಮೇಡಂ."

"ಪರವಾಗಿಲ್ಲ, ಅದು ನಾನು ಮಾಡ್ಕೋತೀನಿ. ಇದನ್ನೇ ಕೊಡಿ."

ಆಗ ಗಂಡ ಮೊದಲ ಸಲ ಬಾಯಿಬಿಟ್ಟ. "ಸ್ವಲ್ಪ ತುದಿ ಉಜ್ಜಿ ಮೊಂಡು ಮಾಡಿ ಕೊಡ್ತೀರಾ?"

"ಅಷ್ಟು ಮಾಡೋ ಬದಲು ಒಂದು ಚಮಚ ಕೊಡಿಸಿಬಿಡಿ" ಎಂದಳು ಅಕ್ಕ. ಅಂಗಡಿಯವನು ನಗು ತಡೆಯಲಾರದೆ ರಸೀದಿ ಪುಸ್ತಕದ ಕಡೆ ಬಗ್ಗಿದ.

ಮನೆಯ ಹಿಂದಿನ ಬಾಲ್ಕನಿ ಅವಳ ಅಭ್ಯಾಸದ ಜಾಗವಾಯಿತು. ಲಿಫ್ಟಿನ ಬಿಡಿಭಾಗಗಳು ಬರುವ ಪೆಟ್ಟಿಗೆಗಳ ಮರ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಸಾಣೆಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಕೂದಲು ತಾಗಿದೊಡನೆ ತುಂಡಾಗುವವರೆಗೆ ಅಲಗನ್ನು ತಿದ್ದಿದಳು. ಆಮೇಲೆ ಮರದ ಪಟ್ಟಿಯೊಂದನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಹೆರೆಯತೊಡಗಿದಳು. ಎಡಗೈಗೆ ಅನುಭವ ಇರಲಿಲ್ಲ, ಬಲಗೈಗೆ ಬಲ ಇರಲಿಲ್ಲ. ಕುಂಟನ ಹೆಗಲ ಮೇಲೆ ಕುರುಡ ಕೂತ ಹಾಗಿತ್ತು.

ಮೂರನೆಯ ದಿನ ಹೆರೆದ ಸಿಪ್ಪೆ ಕೆಂಪಾಗಿ ಕಂಡಿತು. ಏನಿದು ಎಂದು ನೋಡಿದರೆ ಬಲಗೈಯ ಹೆಬ್ಬೆರಳು ಸೀಳಿತ್ತು. ನೋವೇ ಇರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಗಂಡ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳುಚಿಕೊಂಡಿತ್ತು. "ಕೊಡು ಅದನ್ನ."

"ಬಟ್ಟೆ ಕೊಡಿ, ಕಟ್ಕೋತೀನಿ."

"ಚಾಕು ಕೊಡು ಅಂದೆ."

"ಗಾಯ ನಂದು. ಚಾಕೂ ನಂದು."

ಅವನು ಬಟ್ಟೆ ತಂದು ಕಟ್ಟಿದ. ಅವನು ಹೋದಮೇಲೆ ಅಕ್ಕ ಬೆರಳಿಗೆ ಕಟ್ಟಿದ ಬಟ್ಟೆಯನ್ನು ನೋಡುತ್ತಾ ಕೂತಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನೋವು ತಿಳಿಯದ ಕೈಯನ್ನು ಅಲಗಿನ ಮುಂದೆ ಇಡಬಾರದು. ಹಾಗಾದರೆ ಇಡುವುದು ಬೇಡ. ಅದಕ್ಕಾಗಿ ಚಾಕು ಯಾಕೆ ಬಿಡಬೇಕು?

ಮರುದಿನ ಬಲಗೈಯನ್ನು ಸ್ವೆಟರಿನ ಜೇಬಿಗೆ ಸೇರಿಸಿದಳು. ಗಟ್ಟಿ ಬೂಟು ಹಾಕಿಕೊಂಡು, ತಗ್ಗು ಸ್ಟೂಲಿನ ಮೇಲೆ ಕೂತು, ಪಟ್ಟಿಯ ಒಂದು ತುದಿಯನ್ನು ಗೋಡೆಗೆ ಆನಿಸಿ ಇನ್ನೊಂದನ್ನು ಕಾಲಿನಿಂದ ಒತ್ತಿ ಹಿಡಿದಳು. ಚಾಕು ಯಾವಾಗಲೂ ಮೈಯಿಂದ ಆಚೆಗೇ ಹೋಗುವಂತೆ ಹೆರೆದಳು. ಮೊದಲು ಚೂರುಚೂರಾಗಿ ಉದುರಿತು. ಆಮೇಲೆ ಉದ್ದುದ್ದ ಬಂತು. ಕೆಲವು ವಾರ ಕಳೆಯುವ ಹೊತ್ತಿಗೆ ಸಿಪ್ಪೆ ಸುರುಳಿ ಸುತ್ತಿಕೊಂಡು ಪಟ್ಟಿಯಲ್ಲೇ ನಿಲ್ಲತೊಡಗಿತು. ಗುಂಗುರು ಕೂದಲಿನ ಗೊಂಚಲಿನ ಹಾಗೆ ಕಾಣುತ್ತಿತ್ತು.

ಗಂಡ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ಪಟ್ಟಿ ಹಿಡಿದುಕೊಳ್ಳಲು ಇಕ್ಕಳವಿದ್ದ ಹಲಗೆಯೊಂದನ್ನು ಮಾಡಿ ತಂದ. ಒಳ್ಳೆಯ ಕೆಲಸ, ನಾಲ್ಕೂ ಮೂಲೆ ನಯ ಮಾಡಿದ್ದ.

"ಚೆನ್ನಾಗಿದೆ" ಎಂದಳು ಅಕ್ಕ. "ಆದ್ರೆ ಕಾಡಿಗೆ ಇದನ್ನ ಯಾರು ಹೊರ್ತಾರೆ? ನನಗೆ ನನ್ನ ಕಾಲೇ ಸಾಕು."

ಅವನು ಹಲಗೆ ಎತ್ತಿಕೊಂಡು ಒಳಗೆ ಹೋದ. ಮಾರನೆಯ ಬೆಳಿಗ್ಗೆ ಮೇಲಿನ ಖಾನೆಗೆ ಬೀಗವಿರಲಿಲ್ಲ, ಚಾಕುಗಳು ಒಲೆಯ ಪಕ್ಕದ ಡಬ್ಬಿಗೆ ಮರಳಿದ್ದವು. "ಈರುಳ್ಳಿ ಸಣ್ಣಗೆ ಹೆಚ್ಚು" ಎಂದಷ್ಟೇ ಹೇಳಿ ಅವನು ಸ್ನಾನಕ್ಕೆ ಹೋದ.

ಶಿಬಿರದ ಮುಖ್ಯಸ್ಥರನ್ನು ಎಲ್ಲರೂ ಮೇಜರ್ ಎಂದು ಕರೆಯುತ್ತಿದ್ದರು. ಅವರು ಸೈನ್ಯದ ಬಾಗಿಲನ್ನೂ ನೋಡಿದವರಲ್ಲ, ಔಷಧಿ ಅಂಗಡಿ ನಡೆಸುವವರು. ಮೀಸೆ ಮತ್ತು ಕುತ್ತಿಗೆಯಲ್ಲಿನ ಸೀಟಿಯಿಂದ ಆ ಪದವಿ ಬಂದಿತ್ತು. ಹೊಳೆಯ ಆಚೆ ದಡದಲ್ಲಿ ಡೇರೆ ಹಾಕಿದ ಮೇಲೆ ಅವರು ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಕ್ಕಾ, ನೀವು ನಮ್ಮ ಬೆಂಕಿಗೇ ಬಂದ್ಬಿಡಿ. ನಿಮಗೆ ನಿಯಮ ಸಡಿಲ."

"ಯಾರಿಗೂ ಸಡಿಲಿಕೆ ಇಲ್ಲ ಅಂತ ನೀವೇ ಬರೆದಿದ್ರಲ್ಲ."

"ಅದು ಆರೋಗ್ಯವಾಗಿರೋರಿಗೆ ಅಂತ ಬರೆದದ್ದು."

"ಹಾಗಂತ ಬರೆದಿರ್ಲಿಲ್ಲ. ಬರೆದಿದ್ರೆ ನಾನು ಬರ್ತಾನೇ ಇರ್ಲಿಲ್ಲ."

ಮೇಜರ್ ಮೀಸೆ ಸವರಿಕೊಂಡು ಹೋದರು.

ಹಿಂದಿನ ದಿನವಷ್ಟೇ ಮಳೆ ಬಿದ್ದು ನೆಲದ ಕಡ್ಡಿಯೆಲ್ಲ ನೆನೆದಿತ್ತು. ಅಕ್ಕ ಬಿದ್ದಿದ್ದ ಕೊಂಬೆಯೊಂದನ್ನು ಆರಿಸಿ, ಕಾಲಿನಿಂದ ಒತ್ತಿ ಹೆರೆದಳು. ಸಿಪ್ಪೆ ಸುರುಳಿಯಾಯಿತು, ಆದರೆ ಒಳಗೂ ತೇವ ಇತ್ತು. ಕಿಡಿ ಹಾರಿಸುವ ಕಂಬಿಯ ತುದಿಯನ್ನು ಬೂಟಿನಡಿ ಸಿಕ್ಕಿಸಿ, ಚಾಕುವಿನ ಬೆನ್ನಿನಿಂದ ಗೀರಿದಳು. ಕಿಡಿ ಬಿದ್ದು ಚುಯ್ ಎಂದು ಸತ್ತಿತು. ಮತ್ತೆ ಗೀರಿದಳು, ಮತ್ತೆ ಸತ್ತಿತು. ಸುತ್ತ ಒಂದೊಂದೇ ಬೆಂಕಿ ಹೊತ್ತಿಕೊಂಡಿತು. ಸಂಜೆಯಾಯಿತು. ಬೆನ್ನು ನೋಯತೊಡಗಿತು. ಅಕ್ಕ ಚಾಕು ಮಡಚಿ, ತಣ್ಣನೆಯ ಬ್ರೆಡ್ಡು ತಿಂದಳು.

ಪಕ್ಕದ ಡೇರೆಯ ಹೆಂಗಸೊಬ್ಬಳು ಬಿಸಿ ಚಹಾ ತಂದಳು. "ತಗೊಳ್ಳಿ ಅಕ್ಕ, ಯಾರೂ ನೋಡ್ತಿಲ್ಲ."

"ನಾನು ನೋಡ್ತಿದೀನಲ್ಲಮ್ಮ" ಎಂದಳು ಅಕ್ಕ. ಆ ಹೆಂಗಸು ಮುಖ ಸಣ್ಣದು ಮಾಡಿಕೊಂಡು ಹೋದಾಗ ಪಿಚ್ಚೆನಿಸಿತು. ಇದು ಬರೀ ಹಟವೇ ಎಂದು ತನ್ನನ್ನೇ ಕೇಳಿಕೊಂಡಳು. ಹಟವೇ. ಈ ಕೆಲವು ತಿಂಗಳಲ್ಲಿ ಎಲ್ಲರೂ ಅವಳಿಂದ ಏನೇನನ್ನೋ ತೆಗೆದಿಟ್ಟಿದ್ದರು. ಹಟವೊಂದಕ್ಕೆ ಬೀಗ ಹಾಕಲು ಮಾತ್ರ ಯಾರಿಗೂ ಆಗಿರಲಿಲ್ಲ.

ಬೆಳಕು ಹರಿದಾಗ ಅವಳು ನೆಲ ನೋಡುವುದನ್ನು ಬಿಟ್ಟು ಮೇಲೆ ನೋಡಿದಳು. ಒಣಗಿ ನಿಂತ ಮರವೊಂದರಿಂದ ನೆಲಕ್ಕೆ ತಾಗದ ಕೊಂಬೆಯೊಂದು ನೇತಾಡುತ್ತಿತ್ತು. ಅದಕ್ಕೆ ಜೋತುಬಿದ್ದು ಮುರಿದಳು. ಅದರ ತೊಗಟೆ ಒದ್ದೆ. ಚಾಕುವಿನಿಂದ ಹೆರೆಯುತ್ತ ಹೋದಂತೆ ಒದ್ದೆ ಮುಗಿದು, ಒಳಗಿನ ಮರ ಬೆಳ್ಳಗೆ, ಗರಿಗರಿಯಾಗಿ ಸಿಕ್ಕಿತು. ಒಂದು ಕಲ್ಲಿಗೆ ಅದನ್ನು ಆನಿಸಿ ಕೂತಳು. ದಪ್ಪ ಸುರುಳಿ, ಆಮೇಲೆ ತೆಳು ಸುರುಳಿ, ಆಮೇಲೆ ಕೂದಲಿನಂಥವು. ಅಷ್ಟು ಹೊತ್ತಿಗೆ ಉಳಿದವರ ತಿಂಡಿ ಮುಗಿದು, ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

ಮೇಜರ್ ಉರಿಯುವ ಕಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದರು. "ಅಕ್ಕಾ, ಇಷ್ಟೆಲ್ಲ ಸಿದ್ಧ ಮಾಡಿದ್ದೀರಿ. ಒಂದು ಕೊಳ್ಳಿ ಇಟ್ಬಿಡ್ಲಾ?"

"ಕೊಳ್ಳಿ ಇಡೋಕೆ ನಾನಿನ್ನೂ ಸತ್ತಿಲ್ಲ ಮೇಜರ್."

ಅವರು ಗಾಬರಿಯಿಂದ ಕಟ್ಟಿಗೆಯನ್ನು ಬೆನ್ನ ಹಿಂದೆ ಅಡಗಿಸಿದರು. ಅಲ್ಲಿ ಅಂಗಿಗೆ ಬಿಸಿ ತಾಗಿ ಮತ್ತೆ ಮುಂದೆ ತಂದರು. ಅಕ್ಕ ನಗಲಿಲ್ಲ. ಅವಳ ಕಣ್ಣು ಕಂಬಿಯ ತುದಿಯ ಮೇಲಿತ್ತು. ಗೀರಿದಳು. ಗೀರಿದಳು. ಕೂದಲಿನಂಥ ಸುರುಳಿಯೊಂದರ ತುದಿ ಕೆಂಪಾಯಿತು, ಒಳಗೆ ಬಾಗಿತು, ಪಕ್ಕದ್ದಕ್ಕೆ ದಾಟಿತು. ಅವಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಊದಿದಳು. ಹೊಗೆ ಕಣ್ಣಿಗೆ ಹೊಕ್ಕಿತು. ಬೆಂಕಿ ಎದ್ದಿತು.

ಆ ದಿನ ಗುಡ್ಡ ಹತ್ತಲು ಹೊರಡುವ ಹೊತ್ತಾಗಿತ್ತು. ಎಲ್ಲರೂ ಚೀಲ ಬೆನ್ನಿಗೇರಿಸಿ ನಿಂತಿದ್ದರು. ಮೇಜರ್ ಸೀಟಿ ಊದಿದರು.

"ನೀರು ಕುದೀಲಿ" ಎಂದಳು ಅಕ್ಕ, ಪಾತ್ರೆಯನ್ನು ಮೂರು ಕಲ್ಲಿನ ಮೇಲಿಡುತ್ತ. "ನಿಯಮದಲ್ಲಿದೆ."

ಯಾರೋ ಗೊಣಗಿದರು. ಯಾರೋ ಚೀಲ ಇಳಿಸಿ ಅದರ ಮೇಲೇ ಕೂತರು. ನೀರು ತನ್ನಿಷ್ಟದಂತೆ ನಿಧಾನಕ್ಕೆ ಕುದಿಯಿತು. ಅಕ್ಕ ಚಹಾಪುಡಿ ಹಾಕಿ, ಸೋಸದೆ, ಹೊಗೆ ವಾಸನೆಯ ಆ ಕಪ್ಪು ನೀರನ್ನು ಕೊನೆಯ ಗುಟುಕಿನವರೆಗೂ ಅವಸರವಿಲ್ಲದೆ ಕುಡಿದಳು. ಆಮೇಲೆ ಬೆಂಕಿಗೆ ನೀರು ಸುರಿದು, ಬೂದಿಯನ್ನು ಎಡಗೈಯಿಂದ ಮುಟ್ಟಿ ತಣ್ಣಗಾದದ್ದನ್ನು ನೋಡಿ ಎದ್ದಳು.

ಶಿಬಿರ ಮುಗಿದ ದಿನ ಮೇಜರ್ ಅವಳ ಚೀಲವನ್ನು ಬಸ್ಸಿಗೆ ಏರಿಸಲು ಕೈ ಚಾಚಿ, ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. "ಮುಂದಿನ ಸಲವೂ ಬನ್ನಿ ಅಕ್ಕ. ಆದ್ರೆ ಜೊತೆಗೆ ಮನೆಯವರು ಒಬ್ಬರಿರ್ಲಿ."

"ಕರ್ಕೊಂಡು ಬರ್ತೀನಿ. ಆದ್ರೆ ಅವರ ಬೆಂಕಿ ಅವರೇ ಹಚ್ಕೋಬೇಕು. ನಾನು ಸಹಾಯ ಮಾಡಲ್ಲ."

ಬಲಗೈ ಮತ್ತೆ ಕತ್ತರಿ ಹಿಡಿಯಲಿಲ್ಲ. ಅಂಗಡಿಯ ಕುರ್ಚಿಯನ್ನು ಅವಳು ತಾನೇ ಕಲಿಸಿದ ಹುಡುಗಿಗೆ ಬಿಟ್ಟುಕೊಟ್ಟು, ಪಕ್ಕದಲ್ಲಿ ಕೂತು ಬಾಯಿಯ ಕೆಲಸವನ್ನಷ್ಟೇ ಉಳಿಸಿಕೊಂಡಳು. ಮರುವರ್ಷದ ಶಿಬಿರಕ್ಕೆ ಗಂಡನೂ ಬಂದ. ಹಿಂದಿನ ದಿನ ಅದೇ ಚಾಕುವಿನ ಅಂಗಡಿಗೆ ಹೋಗಿ, ಎಲ್ಲ ಚಾಕುಗಳನ್ನೂ ತೆರೆದು ಮುಚ್ಚಿ, ಅಂಗಡಿಯವನ ತಾಳ್ಮೆ ತೀರಿಸಿ ಒಂದನ್ನು ಕೊಂಡಿದ್ದ. ಸಾಲದೆಂಬಂತೆ ಕಾಲುಚೀಲದೊಳಗೆ ಒಂದು ಬೆಂಕಿಪೊಟ್ಟಣವನ್ನೂ ಬಚ್ಚಿಟ್ಟುಕೊಂಡಿದ್ದ. ಅಕ್ಕ ಅದನ್ನು ಕಂಡುಹಿಡಿದು ನೇರ ಮೇಜರ್ ಕೈಗೆ ಒಪ್ಪಿಸಿದಳು.

"ಹೆಂಡತಿ ಅಂದ್ರೆ ಹೀಗಿರ್ಬೇಕಾ?" ಎಂದ ಅವನು, ಒದ್ದೆ ಕಡ್ಡಿಗಳ ಮುಂದೆ ಮಂಡಿಯೂರಿ.

"ನಿಯಮ ಅಂದ್ರೆ ಹೀಗಿರ್ಬೇಕು" ಎಂದಳು ಅಕ್ಕ. ತನ್ನ ಬೆಂಕಿಗೆ ಇನ್ನೊಂದು ಕಟ್ಟಿಗೆ ಒಟ್ಟಿ, ಅವನು ಗೀರುವುದನ್ನು ನೋಡುತ್ತಾ ಕೂತಳು. ಒಣ ಕೊಂಬೆ ನೆಲದಲ್ಲಲ್ಲ, ಮೇಲೆ ಸಿಗುತ್ತದೆ ಎಂಬ ಗುಟ್ಟನ್ನು ಮಧ್ಯಾಹ್ನದವರೆಗೂ ಬಿಟ್ಟುಕೊಡಲಿಲ್ಲ.